ಹೊಟ್ಟೆ ರಕ್ತನಾಳ ಒತ್ತಿದೆಯಂತೆ, ಲ್ಯಾಪ್ರೋಸ್ಕೋಪಿ ಯಾರಾದ್ರೂ ಮಾಡಿಸಿದ್ದೀರಾ?

ಹಾಸನದ_ಹುಡುಗ:
ನಮ್ಮಕ್ಕಂಗೆ 34 ವರ್ಷ, ಊಟ ಮಾಡಿ ಸ್ವಲ್ಪ ಹೊತ್ತಿಗೆ ಮೇಲ್ಹೊಟ್ಟೆ ಹಿಡ್ಕೊಂಡು ಕೂತ್ಬಿಡ್ತಾಳೆ, ಈಗಂತೂ ತಟ್ಟೆ ಮುಂದೆ ಕೂರೋಕೇ ಹೆದರ್ತಾಳೆ, ಮೈ ಪೂರ್ತಿ ಇಳಿದುಹೋಗಿದೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದೇ ಬಂತು. ಎಂಡೋಸ್ಕೋಪಿ ನಾರ್ಮಲ್, ಪಿತ್ತಕೋಶದಲ್ಲಿ ಕಲ್ಲೂ ಇಲ್ಲ. ಕೊನೆಗೆ ಸಿಟಿ ಆಂಜಿಯೋ (ರಕ್ತನಾಳ ನೋಡೋ ಸ್ಕ್ಯಾನ್) ಮಾಡಿಸಿದ್ರೆ ಸೀಲಿಯಾಕ್ ಆರ್ಟರಿ, ಅಂದ್ರೆ ಹೊಟ್ಟೆ, ಲಿವರ್‌ಗೆ ರಕ್ತ ಕೊಡೋ ನಾಳ, ಒತ್ತಿದೆ, 'ಮಾಲ್ಸ್' (ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಸಿಂಡ್ರೋಮ್) ಅಂದ್ರು. ಸ್ಟೆಂಟ್ ಹಾಕಿದ್ರೆ ಆಗಲ್ವಾ, ಆಪರೇಷನ್ನೇ ಬೇಕಾ?

ಸ್ಕ್ಯಾನ್_ರೂಮ್:
ನಾನು ರೇಡಿಯಾಲಜಿ ಕಡೆಯವ್ನು. ಡಯಾಫ್ರಮ್‌ದು (ಎದೆ-ಹೊಟ್ಟೆ ಮಧ್ಯದ ಉಸಿರಾಟದ ಸ್ನಾಯು) ಒಂದು ಗಟ್ಟಿ ಪಟ್ಟಿ ಅಯೋರ್ಟಾ (ಹೃದಯದಿಂದ ಬರೋ ದೊಡ್ಡ ರಕ್ತನಾಳ) ಮುಂದೆ ಕಮಾನಿನ ತರ ಹಾದುಹೋಗುತ್ತೆ, ಕೆಲವ್ರಿಗೆ ಅದು ಸ್ವಲ್ಪ ಕೆಳಗಿದ್ದು ಸೀಲಿಯಾಕ್ ಆರ್ಟರಿ ಮೇಲೇ ಕೂತಿರುತ್ತೆ. ಉಸಿರು ಬಿಟ್ಟಾಗ ಒತ್ತು ಜಾಸ್ತಿ, ಎಳ್ಕೊಂಡಾಗ ಕಮ್ಮಿ, ಅದಕ್ಕೇ ಡಾಪ್ಲರ್ (ರಕ್ತ ಹರಿಯೋದನ್ನ ತೋರಿಸೋ ಸ್ಕ್ಯಾನ್) ಎರಡೂ ಸಲ ನೋಡ್ಬೇಕು. ಇನ್ನೊಂದು ವಿಷ್ಯ, ಏನೂ ತೊಂದ್ರೆ ಇಲ್ದೆ ಆರಾಮಾಗಿ ಉಂಡು ತಿರುಗೋರ ಸ್ಕ್ಯಾನಲ್ಲೂ ಈ ಒತ್ತು ಕಾಣುತ್ತೆ ಸ್ವಾಮಿ, ಬರೀ ಫಿಲ್ಮ್ ನೋಡಿ ಕತ್ತರಿ ಹಾಕಿಸ್ಬೇಡಿ.

ಧಾರವಾಡ_ಪೇಡೆ:
ನಂದು ಆಗೇದ್ರಿ. ನಾಕೈದು ಸಣ್ಣ ತೂತು ಹಾಕಿ ಆ ಪಟ್ಟಿ ಕತ್ತರಿಸ್ತಾರ, ಜೋಡಿಗೆ ಆರ್ಟರಿ ಸುತ್ತ ಇರೋ ನರದ ಜಾಲಾನೂ ಬಿಡಸ್ತಾರ, ಯಾಕಂದ್ರ ನೋವು ಬರೇ ರಕ್ತ ಕಮ್ಮಿ ಆಗಿ ಬರೂದಲ್ಲ, ನರ ಒತ್ತಿದ್ರೂ ಬರ್ತದಂತ. ಪಟ್ಟಿ ಬಿಡಸೂಕಿಂತ ಮೊದಲ ಸ್ಟೆಂಟ್ ಹಾಕಿದ್ರ ಹೊರಗಿನ ಒತ್ತಿಗೆ ಅದು ಬಾಗ್ತದ, ಮುರೀಲೂಬಹುದು ಅಂದ್ರು ನಮ್ಮ ಡಾಕ್ಟರು. ಕತ್ತರಿಸಿದ ಮ್ಯಾಲೂ ನಾಳ ಸಣ್ಣನ ಉಳದ್ರ ಆವಾಗ ಬಲೂನು, ಸ್ಟೆಂಟ್ ವಿಚಾರ.

ಮೈಸೂರ್_ಮಾವ:
ಅಯೋರ್ಟಾ ಪಕ್ಕದಲ್ಲೇ ಕೆಲಸ ಕಣಪ್ಪ, ರಕ್ತ ಚಿಮ್ಮಿದ್ರೆ ಹೊಟ್ಟೆ ಓಪನ್ ಮಾಡ್ಲೇಬೇಕಾಗುತ್ತೆ. ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಸರ್ಜನ್) ಥಿಯೇಟರ್‌ನಲ್ಲೇ ಇರ್ತಾರಾ, ಇಂಥದ್ದು ಎಷ್ಟು ಮಾಡಿದ್ದಾರೆ, ಎರಡೂ ಮುಖಕ್ಕೆ ಮುಖ ಕೊಟ್ಟು ಕೇಳು. ಕೆಲವು ಕಡೆ ಮೊದ್ಲು ಆ ನರಗಳಿಗೆ ಇಂಜೆಕ್ಷನ್ ಕೊಟ್ಟು ನೋಡ್ತಾರೆ, ಅದ್ರಲ್ಲಿ ನೋವು ಇಳಿದ್ರೆ ಆಪರೇಷನ್ನಿಂದ ಗುಣ ಸಿಗೋ ಚಾನ್ಸ್ ಜಾಸ್ತಿ ಅಂತ ಲೆಕ್ಕ.

ಹಾಸನದ_ಹುಡುಗ:
ಥ್ಯಾಂಕ್ಸ್ ಎಲ್ರಿಗೂ. ಉಸಿರು ಬಿಡಿಸಿ ಡಾಪ್ಲರ್ ಮಾಡಿದ್ದು ರಿಪೋರ್ಟಲ್ಲಿ ಎಲ್ಲೂ ಇಲ್ಲ, ನಾಳೆ ಕೇಳ್ತೀನಿ. ಧಾರವಾಡದವ್ರೇ, ಆದ್ಮೇಲೆ ಊಟ ಹೇಗೆ?

ಧಾರವಾಡ_ಪೇಡೆ:
ಮೊದಮೊದಲು ಗಂಜಿ, ಮೆತ್ತನ ಅನ್ನ, ಅದೂ ಸ್ವಲ್ಪ ಸ್ವಲ್ಪ. ಒಂದಿಷ್ಟು ದಿನ ಲೂಸ್ ಮೋಷನ್ ಆತು, ಆ ನರ ಬಿಡಸಿದ್ರ ಹಂಗ ಆಗ್ತದಂತ, ತಾನ ನಿಂತ್ತು. ಈಗ ಖಡಕ್ ರೊಟ್ಟಿ ತಿಂತೀನ್ರಿ, ಆದ್ರ ಹೊಟ್ಟಿ ಬಿರಿಯೂ ಹಂಗ ಅಲ್ಲ.