ಕನ್ನಡ ಹೆಸರಿನ ಫೈಲು ವಿಂಡೋಸ್‌ನಿಂದ ಉಬುಂಟುಗೆ ಹೋಗುತ್ತಿಲ್ಲ, ಯಾಕೆ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಸರ್. ಅಜ್ಜನ ಅಡಿಕೆ ಲೆಕ್ಕದ ಪುಸ್ತಕಗಳನ್ನು ಪುಟಪುಟವಾಗಿ ಫೋಟೋ ತೆಗೆದಿಟ್ಟಿದ್ದೇನೆ. ಯಾವ ವರ್ಷ, ಯಾವ ಮಂಡಿ, ಅಡಿಕೆಯ ಬಗೆ ಸರಕೋ ಬೆಟ್ಟೆಯೋ ಗೊರಬಲೋ, ಎಷ್ಟು ತೂಕ, ಎಲ್ಲ ಫೈಲಿನ ಹೆಸರಲ್ಲೇ ಕನ್ನಡದಲ್ಲಿ ಬರೆದಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇವೆ. ತಮ್ಮನ ಉಬುಂಟು ಕಂಪ್ಯೂಟರಿಗೆ ಹಾಕಲು ಹೋದರೆ 37 ಫೋಟೋ ಮಾತ್ರ ‘ಫೈಲ್ ನೇಮ್ ಟೂ ಲಾಂಗ್’ ಅಂತ ನಿಂತುಬಿಡುತ್ತವೆ. ಎರಡರಲ್ಲೂ ಮಿತಿ 255 ಅಲ್ವಾ? ನನ್ನ ಹೆಸರುಗಳು 60 ಅಕ್ಷರ ದಾಟುವುದಿಲ್ಲ. ಫೋಟೋ ಕೆಟ್ಟಿದೆಯಾ?

ಉತ್ತರ: ಫೋಟೋ ಕೆಟ್ಟಿಲ್ಲ ಮೇಡಂ, ಗಾಬರಿ ಬೇಡ. ಮಿತಿ 255 ನಿಜ, ಆದರೆ ಅಳತೆ ಬೇರೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಎರಡರಲ್ಲೂ ಬೇರೆ ಬೇರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಉಬುಂಟುವಿನ ಎಕ್ಸ್‌ಟಿ4 ಬೈಟ್ ಎಣಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು.

ನಿಮ್ಮೂರಿನ ಹೆಸರನ್ನೇ ಬಿಡಿಸಿ ನೋಡಿ. ತೀರ್ಥಹಳ್ಳಿ, ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ‘ಳ್ಳಿ’ ಒಂದರಲ್ಲೇ ಳ, ವಿರಾಮ (ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು), ಮತ್ತೊಂದು ಳ, ಗುಡಿಸು ಅಂತ ನಾಲ್ಕು ಸಂಕೇತ ಇವೆ. ಇಡೀ ಹೆಸರಿಗೆ 10. ವಿಂಡೋಸ್‌ಗೆ ಅದು 10, ಉಬುಂಟುಗೆ 30. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಬೇಗ ತುಂಬುತ್ತದೆ. ಬರೀ ಕನ್ನಡದಲ್ಲಿ ಬರೆದರೆ 85 ಸಂಕೇತಕ್ಕೇ ಮುಗಿಯಿತು, ಅದರಲ್ಲೇ ಕೊನೆಯ ‘.ಜೆಪಿಜಿ’ಗೆ ಇಂಗ್ಲಿಷಿನ ನಾಲ್ಕು ಬೈಟೂ ಹೋಗಬೇಕು.

ಹೆಸರು ಚಿಕ್ಕದು ಮಾಡುವುದೇ ದಾರಿ. ಆದರೆ ನೀವು ಬರೆದ ವಿವರ ಕಳೆಯಬಾರದು, ಅದೇ ನಿಮ್ಮ ನಿಜವಾದ ಶ್ರಮ. ಮೊದಲು ವಿಂಡೋಸ್‌ನಲ್ಲೇ ಎಲ್ಲ ಫೈಲು ಆರಿಸಿ, ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, ‘ಕಾಪಿ ಆಸ್ ಪಾತ್’ ಕೊಟ್ಟು ಎಕ್ಸೆಲ್‌ಗೆ ಅಂಟಿಸಿ. ಹಳೆಯ ಹೆಸರೆಲ್ಲ ಅಲ್ಲಿ ಉಳಿಯಿತು. ಪಕ್ಕದ ಕಾಲಂನಲ್ಲಿ ಹೊಸ ಹೆಸರು ಬರೆದುಕೊಂಡು ‘1968-012 ಅಡಿಕೆ ಲೆಕ್ಕ’ ಅನ್ನುವ ಹಾಗೆ ಬದಲಿಸಿ. 12ರ ಬದಲು 012 ಅಂತ ಬರೆದರೆ ಪುಟಗಳು ಎಲ್ಲ ಕಡೆ ಸಾಲಾಗಿ ನಿಲ್ಲುತ್ತವೆ.

ಪ್ರಶ್ನೆ: ಸುಮ್ನೆ ಜಿಪ್ ಮಾಡಿ ಕಳಿಸಿದರೆ ಆಗಲ್ವಾ ಸರ್?

ಉತ್ತರ: ಜಿಪ್ ಹೋಗುತ್ತದೆ, ಅದರ ಹೆಸರು ಚಿಕ್ಕದು. ಅಲ್ಲಿ ಬಿಚ್ಚುವಾಗ ಮತ್ತೆ ಅದೇ 37 ನಿಲ್ಲುತ್ತವೆ. ಆದರೂ ಹೆಸರು ಬದಲಿಸುವ ಮೊದಲು ಒಂದು ಜಿಪ್ ಮಾಡಿ ಬೇರೆ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಆ ಕಡೆ ಫೋಟೋಗಳ ಲೆಕ್ಕ ತಾಳೆಯಾಗುವವರೆಗೂ ಲ್ಯಾಪ್‌ಟಾಪಿನಿಂದ ಒಂದನ್ನೂ ಅಳಿಸಬೇಡಿ.

ಇನ್ನೊಂದು, ತಮ್ಮ ಅಲ್ಲಿಂದ ವಾಪಸ್ ಕಳಿಸುವಾಗ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಲಿ : ಗುರುತಾಗಲಿ ಹಾಕದಿರಲಿ. ಉಬುಂಟು ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ.