ಮನೆ ಹತ್ತಿರ ದೊಡ್ಡ ರಸ್ತೆ: ಬೆಲೆ ಏರುತ್ತಾ, ಇಳಿಯುತ್ತಾ? ಮೌಲ್ಯಮಾಪಕಿಗೆ ಪ್ರಶ್ನೆಗಳು

ಮೂಲೆಮನೆ: ಮೇಡಂ, ಮನೆಯಿಂದ 60 ಮೀಟರ್ ಆಚೆ ಮೇಲ್ಸೇತುವೆ ಕೆಲಸ ನಡೀತಿದೆ. ಈಗಲೇ ಮಾರೋದಾ, ಕಾಯೋದಾ? ಪೈಲಿಂಗ್ (ಅಡಿಪಾಯದ ಕಂಬ ನೆಲಕ್ಕೆ ಇಳಿಸೋ ಕೆಲಸ) ಶುರುವಾದ ಮೇಲೆ ಅಡುಗೆಮನೆ ಬಾಗಿಲ ಮೇಲೆ ಬಿರುಕು ಬಿಟ್ಟಿದೆ.

ಮೌಲ್ಯಮಾಪಕಿ: ಮಾರುವ ಮಾತು ಆಮೇಲೆ, ಮೊದಲು ಬಿರುಕು. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಇಲ್ಲಿ ಹಾಕಿ. ಗುತ್ತಿಗೆದಾರರಿಗೆ ಬರವಣಿಗೆಯಲ್ಲೇ ದೂರು ಕೊಡಿ. ಪುಟ್ಟಿ ಹಚ್ಚಬೇಡಿ, ಸಾಕ್ಷಿಯೇ ಅಳಿಸಿಹೋಗುತ್ತದೆ. ಹೊಸ ಪುಟ್ಟಿ ಕಂಡರೆ ಕೊಳ್ಳುವವರಿಗೆ ಅನುಮಾನ ಜಾಸ್ತಿ.

ಇನ್ನು ಬೆಲೆ. ಸಾಮಾನ್ಯವಾಗಿ ರಸ್ತೆಯ ಸುದ್ದಿ ಬಂದಾಗಲೇ ಒಂದಷ್ಟು ಏರುತ್ತದೆ. ಕೆಲಸ ನಡೆಯುವಾಗ ಧೂಳು, ಅಡ್ಡಗಟ್ಟಿದ ದಾರಿ ನೋಡಿ ಕೊಳ್ಳುವವರು ಹಿಂಜರಿಯುತ್ತಾರೆ. ಮುಗಿದ ಮೇಲೆ ಲಾಭ ಎಲ್ಲರಿಗೂ ಒಂದೇ ಥರ ಅಲ್ಲ. ಹತ್ತಿ ಇಳಿಯುವ ದಾರಿ ಹತ್ತಿರವಿದ್ದು, ಸದ್ದು ಮುಟ್ಟದಷ್ಟು ಒಳಗಿರುವ ಮನೆಗೆ ಲಾಭ. ಸೇತುವೆಗೆ ಅಂಟಿಕೊಂಡು, ಹತ್ತುವ ದಾರಿ ದೂರವಿದ್ದರೆ ಸದ್ದಷ್ಟೇ ಪಾಲಿಗೆ. ನಿಮ್ಮ ಹತ್ತುವ ದಾರಿ ಎಲ್ಲಿದೆ?

ಮೂರನೇ ಮಹಡಿ: ಮೇಲ್ಸೇತುವೆ ಬಂದರೆ ಬೆಲೆ ಏರುತ್ತಾ ಮೇಡಂ?

ಮೌಲ್ಯಮಾಪಕಿ: ಮೇಲೆ ಓದಿ.

ಹೊಸಬ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಮುಂದೆ ಒಂದು ಸಾಲು ಗಿಡ ನೆಟ್ಟರೆ ಸದ್ದು ಪೂರ್ತಿ ನಿಲ್ಲುತ್ತಂತೆ. ಫಾರ್ವರ್ಡ್ ಬಂದಿತ್ತು.

ಮೌಲ್ಯಮಾಪಕಿ: ನಿಲ್ಲಲ್ಲ. ಟ್ರೇ ಹೊರಗಿನ ಸದ್ದು ತಡೆಯಲ್ಲ, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಒಂದು ಸಾಲು ಗಿಡದಿಂದಲೂ ಸದ್ದು ಕಡಿಮೆಯಾಗಲ್ಲ. ರಸ್ತೆಯಿಂದ ಎರಡರಷ್ಟು ದೂರ ಹೋದರೂ ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಕಿಟಕಿ ಸಂದು ಮುಚ್ಚಿಸಿ, ದಪ್ಪ ಗಾಜು ಹಾಕಿಸಿ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ರಸ್ತೆಬದಿ ಸೈಟು: ಸದ್ದು ಸದ್ದು ಅಂತ ಎಷ್ಟು ಗೋಳು? ಮುಂದೆ ಅಂಗಡಿ ಕಟ್ಟಿ, ಬಾಡಿಗೆ ಬರುತ್ತೆ.

ಬಾಡಿಗೆದಾರ: ಅಲ್ಲಿ ಮಲಗೋರು ನಾವು ಸ್ವಾಮಿ. ರಸ್ತೆ ಸದ್ದು ರಾತ್ರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ರಸ್ತೆಬದಿ ಸೈಟು: ಹಾಗಾದ್ರೆ ಕಾಡಿಗೆ ಹೋಗಿ.

ಬಾಡಿಗೆದಾರ: ನಮ್ಮ ಕೂಸು ರಾತ್ರಿ ಮೂರು ಸಲ ಬೆಚ್ಚಿ ಏಳುತ್ತೆ. ನಿಮಗೇನು ಗೊತ್ತು?

ಕೆಳಮನೆ: ರಸ್ತೆ ಎತ್ತರಿಸಿದ್ದಾರೆ. ಮಳೆನೀರು ನಮ್ಮ ಅಂಗಳಕ್ಕೆ ನುಗ್ಗುತ್ತಿದೆ. ಮಾರುವಾಗ ಇದನ್ನೂ ಹೇಳಬೇಕಾ?

ಮೌಲ್ಯಮಾಪಕಿ: ಜಗಳ ಸಾಕು. ರಸ್ತೆಬದಿ ಸೈಟಿನವರೇ, ಅಂಗಡಿ ಕಟ್ಟುವ ಮುಂಚೆ, ಆ ರಸ್ತೆಯಿಂದ ನೇರ ನಿಮ್ಮ ಬಾಗಿಲಿಗೆ ಬರಲು ಬಿಡುತ್ತಾರಾ ಕೇಳಿ. ವೇಗದ ರಸ್ತೆಗೆ ಎಷ್ಟೋ ಕಡೆ ಬಿಡಲ್ಲ.

ಮೂರನೇ ಮಹಡಿ: ಓದಿದೆ. ಆದ್ರೂ ಒಂದೇ ಮಾತಲ್ಲಿ, ಏರುತ್ತಾ ಇಲ್ವಾ?

ಮೌಲ್ಯಮಾಪಕಿ: ಮನೆ ನೋಡದೆ ಹೇಳಲ್ಲ. ಮತ್ತೆ ಕೇಳಬೇಡಿ.

ಮೂಲೆಮನೆಯವರೇ, ಫೋಟೊ ನೋಡಿದೆ. ಬಿರುಕು ಬಾಗಿಲ ಮೂಲೆಯಿಂದ ಓರೆಯಾಗಿ ಸೂರಿನವರೆಗೂ ಹೋಗಿದೆ. ಬೆಲೆ ಲೆಕ್ಕ ಬದಿಗಿಡಿ. ನಾಳೆಯೇ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ತೋರಿಸಿ.