ಕ್ಯಾರವಾನ್ ಹಿಂದಿನ ಟೈರಿಗೆ ಮಡ್ ಫ್ಲಾಪ್ ಉಜ್ತಿದೆ, ಕತ್ತರಿಸಿ ಬಿಡ್ಲಾ?

ಪ್ರಶ್ನೆ (ಮೈಸೂರು): ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಒಂದು ವ್ಯಾನ್ ಚಾಸಿ (ಗಾಡಿಯ ತಳದ ಚೌಕಟ್ಟು) ಮೇಲೆ ಕ್ಯಾರವಾನ್ ಬಾಡಿ ಕಟ್ಟಿಸ್ಕೊಂಡ್ವಿ. ಹಿಂದೆ ಡಬಲ್ ಟೈರ್, ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಒಳಗೆ ಎರಡು ಬೆಡ್, ಚಿಕ್ಕ ಅಡುಗೆಮನೆ, ಟಾಯ್ಲೆಟ್, ಮೇಲೆ ಎಸಿ. ಮೊನ್ನೆ ಮನೆಯವರೆಲ್ಲಾ ಸೇರಿ ಶಿರಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವಾಗ ತಿರುವು ಬಂದಾಗೆಲ್ಲಾ ಹಿಂದೆ ಎಡಗಡೆಯಿಂದ ಝರ್ ಝರ್ ಅಂತ ಶಬ್ದ, ಸ್ವಲ್ಪ ಹೊತ್ತಾದ್ಮೇಲೆ ರಬ್ಬರ್ ಸುಟ್ಟ ವಾಸನೆ. ನಿಲ್ಲಿಸಿ ನೋಡಿದ್ರೆ ಎಡಗಡೆ ಮಡ್ ಫ್ಲಾಪ್ (ಟೈರ್ ಹಿಂದೆ ಕೆಸರು ತಡೆಯೋ ಹಾಳೆ) ಟೈರಿಗೆ ತಾಗಿ ತಾಗಿ ಒಳಮೈ ನುಣ್ಣಗೆ ಹೊಳೀತಿದೆ, ಬಲಗಡೆ ಫ್ಲಾಪಿಗೆ ಏನೂ ಆಗಿಲ್ಲ. ಬಾಡಿ ಕಟ್ಟಿದವರಿಗೆ ಫೋನ್ ಮಾಡಿದ್ರೆ "ಎರಡಿಂಚು ಕತ್ತರಿಸಿ ಬಿಡಿ ಸರ್, ಎಲ್ಲಾ ಗಾಡೀಲೂ ಹಂಗೇ" ಅಂತಾರೆ. ಗ್ರೂಪಲ್ಲಿ ಬಾಡಿ ಕೆಲಸ ಮಾಡೋ ಅಣ್ಣ ಇದ್ದಾರಲ್ಲ, ದಯವಿಟ್ಟು ಹೇಳಿ, ಕತ್ತರಿಸಿದ್ರೆ ಸಾಕಾ?

ಉತ್ತರ: ಕತ್ತರಿಸ್ಬೇಡಿ ಸರ್, ಈಗ್ಲೇ ಬೇಡ. ಗಾಡಿ ಕೈಗೆ ಬಂದಾಗ ತಾಗದೇ ಇದ್ದ ಫ್ಲಾಪ್ ಈಗ ತಾಗ್ತಿದೆ ಅಂದ್ರೆ ಒಂದೋ ಬಾಡಿ ಆ ಕಡೆ ಕೆಳಗೆ ಕೂತಿದೆ, ಇಲ್ಲಾ ಆಕ್ಸಲ್ (ಎಡ ಬಲ ಚಕ್ರ ಹಿಡಿದಿರೋ ಅಡ್ಡ ದಂಡ) ಜಾಗ ಬಿಟ್ಟಿದೆ, ಇಲ್ಲಾ ಫ್ಲಾಪ್ ಹಿಡ್ಕೊಂಡಿರೋ ಬ್ರಾಕೆಟ್ ಬಗ್ಗಿದೆ. ಕತ್ತರಿಸಿದ್ರೆ ಶಬ್ದ ನಿಲ್ಲುತ್ತೆ, ಆದ್ರೆ ಕಾರಣ ಅಲ್ಲೇ ಇರುತ್ತೆ, ಅದ್ರ ಮೇಲೆ ನಿಮಗೆ ಹೇಳೋಕೆ ಇದ್ದ ಒಂದು ಗುರುತೂ ಹೋಗುತ್ತೆ. ಒಂದೇ ಕಡೆ ಉಜ್ಜೋದನ್ನ ನಾನು ಯಾವತ್ತೂ ಹಗುರವಾಗಿ ತಗೊಳಲ್ಲ.

ಮೊದಲು ಈ ಒಂದು ಅಳತೆ ತಗೊಳ್ಳಿ. ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯ ಸುರುಳಿ) ಬೋಲ್ಟಿಂದ ಹಿಂದಿನ ಚಕ್ರದ ಹಬ್ಬಿನ ನಡುಮಧ್ಯಕ್ಕೆ ಟೇಪ್ ಹಿಡೀರಿ, ಎಡಕ್ಕೊಂದು ಬಲಕ್ಕೊಂದು. ನೀರಿನ ಟ್ಯಾಂಕ್ ಖಾಲಿ ಇರಲಿ, ಸಮ ನೆಲದಲ್ಲಿ ನಿಲ್ಲಿಸಿ. ಖಾಲಿ ಇದ್ದಾಗ್ಲೂ ಎರಡು ಕಡೆಗೂ ಎದ್ದು ಕಾಣೋ ಹಾಗೆ ವ್ಯತ್ಯಾಸ ಬಂದ್ರೆ ಸ್ಪ್ರಿಂಗ್ ಸೆಂಟರ್ ಬೋಲ್ಟ್ ತುಂಡಾಗಿದೆ ಇಲ್ಲಾ ಯು-ಬೋಲ್ಟ್ (ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿದಿರೋದು) ಸಡಿಲ ಆಗಿದೆ ಅಂತಾನೇ ತಿಳ್ಕೊಂಡು ಗಾಡಿ ಓಡಿಸೋದು ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ಕನ್ನೇ ಗಾಡಿ ಹತ್ರ ಕರೆಸಿ. ಆಕ್ಸಲ್ ಓರೆ ಆಗಿರೋ ಗಾಡೀನ ಘಾಟಿಗೆ ಇಳಿಸೋ ಮಾತೇ ಇಲ್ಲ.

ಅಳತೆ ಸಮ ಇದ್ರೆ ಲೋಡ್ ಕಡೆ ನೋಡ್ಬೇಕು. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ: ಲೀಫ್ ಸ್ಪ್ರಿಂಗ್ ಭಾರಕ್ಕೆ ಚಪ್ಪಟೆ ಆದಾಗ ಉದ್ದ ಆಗುತ್ತೆ, ಮುಂದಿನ ಕಣ್ಣು ಫಿಕ್ಸ್, ಹಿಂದೆ ಶ್ಯಾಕಲ್ (ತೂಗಾಡೋ ಕೊಂಡಿ) ಮಾತ್ರ ಆಡೋದು, ಹಾಗಾಗಿ ಆಕ್ಸಲ್ ಕೆಳಗಿಂದ ಮೇಲಕ್ಕೆ ಬರೋದಷ್ಟೇ ಅಲ್ಲ, ಸ್ವಲ್ಪ ಹಿಂದಕ್ಕೂ ಹೋಗುತ್ತೆ. ಹಿಂದೆ ಇರೋದು ಯಾವುದು? ಮಡ್ ಫ್ಲಾಪ್. ಅದಕ್ಕೇ ಖಾಲಿ ಗಾಡೀಲಿ ಚೆನ್ನಾಗಿ ಗ್ಯಾಪ್ ಕಾಣುತ್ತೆ, ಫ್ಯಾಮಿಲಿ, ಲಗೇಜ್, ತುಂಬಿದ ಟ್ಯಾಂಕ್ ಎಲ್ಲಾ ಸೇರಿ ಬಲಕ್ಕೆ ತಿರುಗಿಸಿದಾಗ ಬಾಡಿ ಎಡಕ್ಕೆ ವಾಲಿ ಆ ಗ್ಯಾಪ್ ಪೂರ್ತಿ ಹೋಗಿಬಿಡುತ್ತೆ.

ಫ್ಲಾಪಿನ ಒಳಮೈಗೂ ವೀಲ್ ಆರ್ಚಿನ (ಟೈರ್ ಮೇಲಿನ ಕಮಾನು) ಒಳಗೂ ಸೀಮೆಸುಣ್ಣ ಚೆನ್ನಾಗಿ ಬಳಿದು ಮಾಮೂಲಿ ಲೋಡಲ್ಲಿ ಒಂದು ರೌಂಡ್ ಹೋಗಿ ಬನ್ನಿ, ಹಂಪು ತಿರುವು ಎರಡೂ ಇರೋ ರಸ್ತೇಲಿ. ಫ್ಲಾಪಿನ ತುದಿಯಲ್ಲಿ ಮಾತ್ರ ಸುಣ್ಣ ಹೋಗಿದ್ರೆ ಅದು ರಿವರ್ಸಲ್ಲಿ ತಾಗಿರೋದು ಇರಬಹುದು. ಮೇಲ್ಗಡೆ, ಬ್ರಾಕೆಟ್ ಹತ್ರ ಹೋಗಿದ್ರೆ ಲೋಡ್. ಆರ್ಚ್ ಒಳಗೆ ಮೇಲೂ ಹೋಗಿದ್ರೆ ಫ್ಲಾಪ್ ಬಿಡಿ, ಬಾಡೀನೇ ಟೈರ್ ಮೇಲೆ ಕೂರ್ತಿದೆ. ಆಗ ಆರ್ಚ್ ಲೈನರ್ ಹಿಂದೆ ಏನು ಓಡಿಸಿದ್ದಾರೆ ಅಂತ ತಕ್ಷಣ ಬಿಚ್ಚಿ ನೋಡಿ, ಕೆಲವರು ಟೇಲ್ ಲ್ಯಾಂಪ್ ವೈರು, ನೀರಿನ ಪೈಪು ಎಲ್ಲಾ ಅಲ್ಲೇ ತೂರಿಸಿರ್ತಾರೆ. ಲೈನರ್ ತೂತಾದ್ಮೇಲೆ ಟೈರಿಗೆ ಸಿಗೋದು ಆ ವೈರೇ.

ಟ್ಯಾಂಕ್ ಎಲ್ಲಿದೆ, ಎಷ್ಟು ಲೀಟರ್, ಬ್ಯಾಟರಿ ಯಾವ ಕಡೆ, ಬರೀರಿ.

ಪ್ರಶ್ನೆ (ಮೈಸೂರು): ಅಣ್ಣ, ಅಳತೆ ಎರಡು ಕಡೆಗೂ ಒಂದೇ ಬಂತು, ಜೀವ ಬಂದಂಗಾಯ್ತು. ಸುಣ್ಣ ಎಡಗಡೆ ಫ್ಲಾಪ್ ಮೇಲ್ಭಾಗದಲ್ಲಿ ಹೋಗಿದೆ, ಆರ್ಚ್ ಒಳಗೆ ಸ್ವಲ್ಪ ತಾಗಿದ ಗುರುತಿದೆ. ಅಡುಗೆಮನೆ, 150 ಲೀಟರ್ ನೀರಿನ ಟ್ಯಾಂಕ್, ಎರಡು ಬ್ಯಾಟರಿ, ಇನ್ವರ್ಟರ್ ಎಲ್ಲಾ ಎಡಗಡೆನೇ. ಬಳಸಿದ ನೀರಿನ ಟ್ಯಾಂಕ್ ಹಿಂದೆ ಬಂಪರ್ ಹತ್ರ ನೇತಾಡ್ತಿದೆ. ಇನ್ನೊಂದೆರಡು ಲೀಫ್ ಹಾಕ್ಸಿದ್ರೆ ಆಗಲ್ವಾ?

ಉತ್ತರ: ಲೀಫ್ ಹಾಕ್ಸಿದ್ರೆ ಗಾಡಿ ಎತ್ತರ ಆಗುತ್ತೆ, ಉಜ್ಜೋದೂ ನಿಲ್ಲುತ್ತೆ. ಆದ್ರೆ ಆಕ್ಸಲ್ಲಿನ ಶಕ್ತಿ, ಟೈರಿನ ಶಕ್ತಿ, ಬ್ರೇಕಿನ ಶಕ್ತಿ ಯಾವುದೂ ಒಂದು ಕೆಜಿನೂ ಜಾಸ್ತಿ ಆಗಲ್ಲ. ಓವರ್‌ಲೋಡ್ ಇದ್ದಿದ್ದು ಕಣ್ಣಿಗೆ ಕಾಣದ ಹಾಗೆ ಆಗುತ್ತೆ ಅಷ್ಟೆ. ಮೊದಲು ತೂಕ ಹಾಕ್ಸಿ. ಲಾರಿಗಳ ವೇಬ್ರಿಡ್ಜ್ ಎಲ್ಲಾ ಕಡೆ ಇದೆ. ಟ್ಯಾಂಕ್ ತುಂಬಿ, ಮನೆಯವರನ್ನೆಲ್ಲಾ ಕೂರಿಸ್ಕೊಂಡು ಹೋಗಿ, ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಗಾಡಿದು ಒಂದು ಚೀಟಿ, ಹಿಂದಿನ ಚಕ್ರ ಮಾತ್ರ ಇಟ್ಟು ಒಂದು ಚೀಟಿ. ಹಿಂದಿನ ಆಕ್ಸಲ್ ತೂಕವನ್ನ ಕಂಪನಿ ಕೊಟ್ಟಿರೋ ಆಕ್ಸಲ್ ಮಿತಿ ಜೊತೆ ಹೋಲಿಸಿ. ಒಟ್ಟು ತೂಕ ಸರಿ ಇದ್ರೂ ಹಿಂದಿನ ಆಕ್ಸಲ್ ಮಿತಿ ದಾಟಿರೋ ಕ್ಯಾರವಾನ್ ಎಷ್ಟೋ ಇವೆ.

ಬಂಪರ್ ಹತ್ರ ನೇತುಹಾಕಿರೋ ಟ್ಯಾಂಕ್ ನನಗೆ ಸ್ವಲ್ಪನೂ ಇಷ್ಟ ಆಗ್ಲಿಲ್ಲ. ಲೆಕ್ಕ ನೋಡಿ, ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ದೂರ) 3.7 ಮೀಟರ್ ಇಟ್ಕೊಳ್ಳಿ, ಟ್ಯಾಂಕ್ ಹಿಂದಿನ ಆಕ್ಸಲ್ಲಿಂದ 1.5 ಮೀಟರ್ ಹಿಂದೆ. ಅದ್ರಲ್ಲಿ 100 ಲೀಟರ್ ತುಂಬಿದ್ರೆ 100 ಕೆಜಿ, ಆದ್ರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು ಸುಮಾರು 140 ಕೆಜಿ. ಯಾಕಂದ್ರೆ ಏತದ ಥರ ಆ ಭಾರ ಮುಂದಿನ ಆಕ್ಸಲ್ಲಿಂದ 40 ಕೆಜಿ ಎತ್ತಿ ಹಿಂದಕ್ಕೆ ಹಾಕುತ್ತೆ. ಮುಂದೆ ಹಗುರ ಆದ್ರೆ ಸ್ಟೇರಿಂಗ್ ತೇಲಿದ ಹಾಗಾಗುತ್ತೆ, ಮಳೇಲಿ ಗೊತ್ತಾಗುತ್ತೆ ಅದು.

ಮಾಡಬೇಕಾದ್ದು ಇಷ್ಟು. ಬಳಸಿದ ನೀರಿನ ಟ್ಯಾಂಕನ್ನ ಎರಡು ಆಕ್ಸಲ್ ನಡುವೆ ತರಿಸಿ, ಬ್ಯಾಟರಿ ಇನ್ವರ್ಟರ್ ಬಲಗಡೆಗೆ ಹಾಕ್ಸಿ, ಘಾಟಿ ಇಳಿಯುವಾಗ ನೀರು ಕಾಲು ಟ್ಯಾಂಕ್ ಮಾತ್ರ ಇಟ್ಕೊಳ್ಳಿ, ಕೆಳಗೆ ಇಳಿದ್ಮೇಲೆ ಎಲ್ಲಿ ಬೇಕಾದ್ರೂ ತುಂಬಿಸ್ಕೋಬಹುದು. ಇಷ್ಟಾದ್ಮೇಲೂ ಸ್ಪ್ರಿಂಗ್ ಕೂತೇ ಇದ್ರೆ ಆವಾಗ ಲೀಫ್ ಸೆಟ್ ಬದಲಾಯಿಸೋ ಮಾತು, ಅದೂ ಕಂಪನಿ ಆ ಚಾಸಿಗೆ ಒಪ್ಪಿರೋ ಸೆಟ್ಟೇ ಆಗಿರ್ಬೇಕು, ಎರಡು ಕಡೆಗೂ ಒಟ್ಟಿಗೇ ಹಾಕ್ಸಬೇಕು. ಕೊನೇಲಿ ಫ್ಲಾಪ್. ನಾನು ಫುಲ್ ಲೋಡಲ್ಲಿ ನಿಂತಿರುವಾಗ ಟೈರಿಗೂ ಫ್ಲಾಪಿಗೂ ನಾಲ್ಕಿಂಚು ಗ್ಯಾಪ್ ಇಡ್ತೀನಿ. ಖಾಲಿ ಗಾಡೀಲಿ ಅಳತೆ ಮಾಡಿ ಹಾಕಿದ ಫ್ಲಾಪ್ ಇದೇ ಥರ ತೊಂದರೆ ಕೊಡೋದು.

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾರ, ನಮ್ಮದು ಬ್ಯಾರೆ ಥರ ಐತ್ರಿ. ಓಡಿಸುವಾಗ ಏನೂ ಇಲ್ಲ, ರಿವರ್ಸ್ ತಗೊಂಡಾಗ ಫ್ಲಾಪ್ ಹರದು ಹೋಗ್ತದ. ಎರಡ್ ಸಲ ಹೊಸಾದ್ ಹಾಕಿಸೇವಿ.

ಉತ್ತರ: ಮೇಡಂ ಅಥವಾ ಸರ್, ಇದು ಸುಲಭದ್ದು. ಫ್ಲಾಪ್ ತೀರಾ ಉದ್ದ ಇದೆ. ಹಿಂದಕ್ಕೆ ಬರುವಾಗ ಕಲ್ಲು, ಕಟ್ಟೆ, ಮಣ್ಣಿನ ದಿಬ್ಬ ಸಿಕ್ಕಿದ್ರೆ ಫ್ಲಾಪಿನ ತುದಿ ಟೈರ್ ಕೆಳಗೆ ಮಡಚಿ ಹೋಗುತ್ತೆ, ಟೈರ್ ಅದನ್ನ ಕಚ್ಕೊಂಡು ಎಳೆಯುತ್ತೆ. ನಿಮ್ಮ ಕೇಸಲ್ಲಿ ಮಾತ್ರ ಕೆಳಗಿಂದ ಕತ್ತರಿಸಬಹುದು, ಹಿಂದೆ ಬರೋ ಗಾಡಿಗೆ ಕಲ್ಲು ಕೆಸರು ಹಾರದ ಹಾಗೆ ಇರೋವಷ್ಟು ಉಳಿಸಿ. ಹರಿದಾಗ ಎಲ್ಲಿಂದ ಹರೀತು ನೋಡಿದ್ರಾ? ಬೋಲ್ಟ್ ತೂತಿಂದ ಹರಿದಿದ್ರೆ ಹಿಂದೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಅದ್ರ ಮೇಲೆ ಬೋಲ್ಟ್ ಹಾಕ್ಸಿ, ಬರೀ ವಾಷರ್ ಸಾಲಲ್ಲ. ಸೈಲೆನ್ಸರ್ ಬಾಯಿ ಫ್ಲಾಪ್ ಕಡೆಗಿದ್ರೆ ಬಿಸಿಗೆ ಪ್ಲಾಸ್ಟಿಕ್ ಫ್ಲಾಪ್ ಸೊಟ್ಟ ಆಗುತ್ತೆ, ಒಳಗೆ ಕ್ಯಾನ್ವಾಸ್ ಇರೋ ರಬ್ಬರಿಂದು ತಗೊಳ್ಳಿ.

ಪ್ರಶ್ನೆ (ಕ್ಯಾಲಿಫೋರ್ನಿಯಾ, ಬೇ ಏರಿಯಾ): ನಾವು ಸೆಕೆಂಡ್ ಹ್ಯಾಂಡ್ ಡೀಸೆಲ್ ಪುಶರ್ (ಇಂಜಿನ್ ಹಿಂದೆ ಇರೋ) ಮೋಟರ್‌ಹೋಮ್ ತಗೊಂಡಿದೀವಿ, ಏರ್ ಸಸ್ಪೆನ್ಷನ್. ಕ್ಯಾಂಪ್‌ಗ್ರೌಂಡಿಂದ ಬೆಳಿಗ್ಗೆ ಹೊರಟಾಗ ಮೊದಲು ಸ್ವಲ್ಪ ದೂರ ಹಿಂದೆ ಉಜ್ಜೋ ಶಬ್ದ, ಆಮೇಲೆ ತಾನೇ ನಿಲ್ಲುತ್ತೆ. ಇದಕ್ಕೆ ಏನ್ ಮಾಡ್ಬೇಕು?

ಉತ್ತರ: ರಾತ್ರಿ ಲೆವೆಲ್ ಮಾಡೋಕೆ ಏರ್ ಬಿಟ್ಟಿರ್ತೀರ, ಬಾಡಿ ಕೆಳಗೆ ಕೂತು ಟೈರ್ ಆರ್ಚ್ ಒಳಗೆ ಹೋಗಿರುತ್ತೆ. ಏರ್ ಪೂರ್ತಿ ತುಂಬೋ ಮೊದ್ಲೇ ಹೊರಟ್ರೆ ಉಜ್ಜುತ್ತೆ. ಇಂಜಿನ್ ಸ್ಟಾರ್ಟ್ ಮಾಡಿ, ಲೆವೆಲಿಂಗ್ ಜ್ಯಾಕಿನ ಕಾಲುಗಳನ್ನ ನೆಲದಿಂದ ಮೇಲಕ್ಕೆ ತಗೊಂಡು, ಗಾಡಿ ತನ್ನ ಎತ್ತರಕ್ಕೆ ಬರೋ ತನಕ ಕಾಯಿರಿ, ಹೊರಗೆ ಇಳಿದು ನಾಲ್ಕೂ ಮೂಲೆ ಕಣ್ಣಲ್ಲೇ ನೋಡಿ. ಒಂದು ಮೂಲೆ ಮೇಲೆ ಬರದಿದ್ರೆ ಹೈಟ್ ಕಂಟ್ರೋಲ್ ವಾಲ್ವಿನ ಲಿಂಕ್ ಬಗ್ಗಿರ್ಬೇಕು, ಇಲ್ಲಾ ಏರ್ ಬ್ಯಾಗ್ ಲೀಕ್ ಇರ್ಬೇಕು, ಸೋಪ್ ನೀರು ಹಾಕಿ ಗುಳ್ಳೆ ನೋಡಬಹುದು. ಆದ್ರೆ ಒಂದು ಮಾತು ಕೈಮುಗಿದು ಹೇಳ್ತೀನಿ, ಬರೀ ಏರ್ ಬ್ಯಾಗ್ ಅಥವಾ ಲೆವೆಲಿಂಗ್ ಜ್ಯಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ತಲೆನೂ ಹಾಕ್ಬೇಡಿ. ಏರ್ ಹೋದ್ರೆ ಕ್ಷಣದಲ್ಲಿ ಬಾಡಿ ಕೆಳಗೆ ಬರುತ್ತೆ. ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೇ ಹೋಗೋದು.

ಇನ್ನೊಬ್ಬರು (ಸ್ಯಾಕ್ರಮೆಂಟೊ): ಬೇ ಏರಿಯಾದವರಿಗೆ ಒಂದು ಸೇರಿಸ್ತೀನಿ. ಇಲ್ಲಿ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತೆ, ಆಕ್ಸಲ್ ಆಕ್ಸಲ್ ಬೇರೆ ಬೇರೆ ತೂಕ ಕೊಡುತ್ತೆ. ಹೊಸ ಮೋಟರ್‌ಹೋಮ್ ತಗೊಳೋ ಫ್ರೆಂಡ್ಸ್ ಯಾರಾದ್ರೂ ಇದ್ರೆ ಹೇಳಿ, ಕ್ಯಾಲಿಫೋರ್ನಿಯಾ ಲೆಮನ್ ಲಾ (ಪದೇ ಪದೇ ಕೆಡೋ ಹೊಸ ಗಾಡಿ ಕೊಂಡವರಿಗೆ ರಕ್ಷಣೆ ಕೊಡೋ ಕಾನೂನು) ಮೋಟರ್‌ಹೋಮಿನ ಚಾಸಿ, ಇಂಜಿನ್, ಓಡೋ ಭಾಗಕ್ಕೆ ಮಾತ್ರ, ವಾಸ ಮಾಡೋ ಭಾಗಕ್ಕೆ ಅಲ್ಲ. ಕಪಾಟು ಕಿತ್ತು ಬಂತು, ಗೋಡೆ ಸೋರ್ತಿದೆ ಅನ್ನೋದಕ್ಕೆಲ್ಲಾ ವಾರಂಟಿ ಕಾಗದ ಮುಖ್ಯ, ಅದಕ್ಕೆ ಡೆಲಿವರಿ ದಿನವೇ ಎಲ್ಲಾ ಬರೆಸ್ಕೊಳ್ಳಿ.

ಪ್ರಶ್ನೆ (ಬೆಂಗಳೂರು): ನಮ್ಮ ಕ್ಯಾರವಾನ್ ಇನ್ನೂ ಬಾಡಿ ಶಾಪಲ್ಲೇ ಇದೆ, ಮುಂದಿನ ವಾರ ಡೆಲಿವರಿ ಅಂತಿದ್ದಾರೆ. ಇದನ್ನೆಲ್ಲಾ ಓದಿ ಭಯ ಆಗ್ತಿದೆ. ಏನೇನು ನೋಡ್ಲಿ ಸರ್?

ಉತ್ತರ: ಒಳಗಿನ ಲೈಟು, ಸನ್‌ಮೈಕಾ, ಸೋಫಾ ಬಟ್ಟೆ ಆಮೇಲೆ ನೋಡಿ ಮೇಡಂ. ಮೊದಲು ಟಾರ್ಚ್ ಹಿಡ್ಕೊಂಡು ಗಾಡಿ ಕೆಳಗೆ ನೋಡಿ, ಪಿಟ್ ಮೇಲೆ ನಿಲ್ಲಿಸೋಕೆ ಹೇಳಿ, ಬೇಡ ಅಂದ್ರೆ ಅಲ್ಲೇ ಅನುಮಾನ ಪಡಿ. ಟ್ಯಾಂಕ್ ಹಿಡ್ಕೊಂಡಿರೋ ಪಟ್ಟಿ ಯಾವುದಕ್ಕೆ ಬಿಗಿದಿದ್ದಾರೆ? ಕ್ರಾಸ್ ಮೆಂಬರಿಗೆ (ಚಾಸಿಯ ಅಡ್ಡ ಕಂಬಿಗೆ) ಬೋಲ್ಟ್ ಹಾಕಿರ್ಬೇಕು, ಪ್ಲೈವುಡ್ ಫ್ಲೋರಿಗೆ ಸ್ಕ್ರೂ ಹೊಡೆದಿದ್ರೆ ಒಪ್ಪಬೇಡಿ. ಎಲ್ಲಾದ್ರೂ ಚಾಸಿ ಫ್ರೇಮನ್ನ ಕತ್ತರಿಸಿದ್ದಾರಾ, ವೆಲ್ಡಿಂಗ್ ಮಾಡಿದ್ದಾರಾ ನೋಡಿ. ಮಡ್ ಫ್ಲಾಪ್ ಬ್ರಾಕೆಟನ್ನ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ, ಅಲ್ಲಾಡಬಾರದು. ವೀಲ್ ಆರ್ಚ್ ಒಳಗೆ ಕೈ ಆಡಿಸಿದ್ರೆ ಸ್ಕ್ರೂ ಮೊನೆ ಸಿಗಬಾರದು, ಟೈರ್ ಕಡೆ ಚಾಚಿರೋ ಒಂದು ಸ್ಕ್ರೂ ಸಾಕು ಟೈರ್ ಗೋಡೆ ಸೀಳೋಕೆ.

ಆಮೇಲೆ ನೀರು. ಪೈಪ್ ಹಿಡಿದು ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗ್ತಾ ನೀರು ಬಿಡಿಸಿ, ಮೇಲಿಂದ ಶುರು ಮಾಡಿದ್ರೆ ಎಲ್ಲಿ ಸೋರ್ತು ಅಂತ ಗೊತ್ತಾಗಲ್ಲ. ಕಿಟಕಿ ಮೂಲೆ, ಎಸಿ ಸುತ್ತ, ಹಿಂದಿನ ಬಾಗಿಲ ಮೇಲ್ಭಾಗ. ಒಳಗೆ ಒಬ್ರು ಕೂತು ಕೈ ಒತ್ತಿ ನೋಡ್ತಿರ್ಲಿ. ಕರಾವಳಿ ಮಳೆಗಾಲ ಒಂದು ಕಳೆದ್ರೆ ಸೋರಿದ ಪ್ಲೈವುಡ್ ಒಳಗೊಳಗೇ ಕೊಳೆತಿರುತ್ತೆ, ಮೇಲಿನ ಸನ್‌ಮೈಕಾ ಹೊಸದರ ಹಾಗೇ ಕಾಣ್ತಿರುತ್ತೆ.

ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರ್ಲೇಬೇಕು. ವೈರ್ ತಗಡಿನ ತೂತಲ್ಲಿ ಹಾದು ಹೋಗೋ ಕಡೆ ರಬ್ಬರ್ ಬುಷ್ ಇಲ್ಲದಿದ್ರೆ ಗಾಡಿ ಅದುರಿ ಅದುರಿ ಇನ್ಸುಲೇಶನ್ ಕತ್ತರಿಸುತ್ತೆ. ಸಿಲಿಂಡರ್ ಇಡೋ ಗೂಡಿಗೆ ತಳದಲ್ಲೇ ಹೊರಗೆ ಹೋಗೋ ತೂತು ಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಶೇಖರ ಆಗುತ್ತೆ. ಮೇಲೆ ಜಾಲರಿ ಇಟ್ಟು ವೆಂಟಿಲೇಶನ್ ಕೊಟ್ಟಿದೀವಿ ಅಂದ್ರೆ ನಂಬಬೇಡಿ.

ಕಾಗದ ಪತ್ರನೂ ನೋಡಿ. ಆರ್‌ಸಿಯಲ್ಲಿ ಬಾಡಿ ಟೈಪ್ ಕ್ಯಾರವಾನ್ ಅಂತ ಇರ್ಬೇಕು, ಸೀಟಿಂಗ್ ಸರಿ ಇರ್ಬೇಕು. ಕ್ಯಾರವಾನ್‌ಗೆ ನಮ್ಮಲ್ಲಿ ಎಐಎಸ್-124 ಅಂತ ಬೇರೆ ಸ್ಟ್ಯಾಂಡರ್ಡೇ ಇದೆ, ಅದ್ರ ಪ್ರಕಾರ ಅಪ್ರೂವಲ್ ಇದೆಯಾ ಕೇಳಿ. ಸುಮ್ನೆ ವ್ಯಾನ್ ತಗೊಂಡು ಒಳಗೆಲ್ಲಾ ಬದಲಾಯಿಸೋದು ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅಡಿ ತೊಂದರೆಗೆ ಬರುತ್ತೆ, ಅಪಘಾತ ಆದ್ರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳೋದು ಅದನ್ನೇ.

ಪ್ರಶ್ನೆ (ಮೈಸೂರು): ಅಣ್ಣ, ವೇಬ್ರಿಡ್ಜಲ್ಲಿ ಹಿಂದಿನ ಆಕ್ಸಲ್ ಮಿತಿ ದಾಟಿದೆ ಅಂತಾನೇ ಬಂತು. ಟ್ಯಾಂಕ್ ಬದಲಾಯಿಸೋಕೆ ಬಾಡಿಯವರು ಮತ್ತೆ ದುಡ್ಡು ಕೇಳ್ತಿದ್ದಾರೆ.

ಉತ್ತರ: ಕೊಡ್ಬೇಡಿ. ಭಾರ ಎಲ್ಲಿ ಕೂರ್ಬೇಕು ಅಂತ ಲೆಕ್ಕ ಹಾಕೋದು ಬಾಡಿ ಕಟ್ಟೋರ ಕೆಲಸ, ಅದಕ್ಕೂ ಸೇರಿಸೇ ನೀವು ದುಡ್ಡು ಕೊಟ್ಟಿರೋದು. ಫೋನಲ್ಲಿ ಮಾತಾಡೋದು ನಿಲ್ಲಿಸಿ. ಮೂರೂ ತೂಕದ ಚೀಟಿ, ಸುಣ್ಣದ ಗುರುತಿನ ಫೋಟೋ, ಟೇಪ್ ಪಕ್ಕದಲ್ಲಿಟ್ಟು ತೆಗೆದ ಗ್ಯಾಪ್ ಫೋಟೋ ಎಲ್ಲಾ ಹಾಕಿ ಇಮೇಲ್ ಮಾಡಿ, ಇಂಥ ದಿನದೊಳಗೆ ಸರಿ ಮಾಡಿಕೊಡಿ ಅಂತ ಬರೀರಿ. ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಫ್ಲಾಪ್ ಕತ್ತರಿಸದೇ ಇದ್ದಿದ್ದು ಇಲ್ಲೂ ಕೆಲಸಕ್ಕೆ ಬರುತ್ತೆ, ಸವೆದ ಆ ಫ್ಲಾಪೇ ಸಾಕ್ಷಿ, ಬಿಚ್ಚಿದ್ರೂ ಎಸೀಬೇಡಿ.

ಕೆಲಸ ಮಾಡಿಸುವಾಗ ಸ್ಪ್ರಿಂಗ್ ಬಿಚ್ಚಿದ್ರೆ ಯು-ಬೋಲ್ಟ್ ಹೊಸದೇ ಹಾಕ್ಸಿ, ಹಳೇದನ್ನ ಮತ್ತೆ ಬಿಗಿಸೋದು ಬೇಡ. ಟಾರ್ಕ್ ರೆಂಚಲ್ಲಿ ಬಿಗಿಸಿ, 500 ಕಿಲೋಮೀಟರ್ ಓಡಿಸಿದ್ಮೇಲೆ ಇನ್ನೊಂದ್ಸಲ ಚೆಕ್ ಮಾಡಿಸಿ, ಲೋಡ್ ಬಿದ್ದು ಕೂತ ಮೇಲೆ ಸ್ವಲ್ಪ ಸಡಿಲ ಆಗೇ ಆಗುತ್ತೆ.